ಏಳು ಮಾತಿನ ಚೀಟಿ

ಪದ್ಮಕ್ಕ ಏನನ್ನೂ ಮರೆತಿರಲಿಲ್ಲ. ಮರೆತಿದ್ದಾರೆ ಎಂದು ಹೇಳಿದವಳು ನಾನು — ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಆ ಸುಳ್ಳನ್ನು ಅವರು ಆರು ವರ್ಷ ಹೊತ್ತು ತಿರುಗಿದರು. ನಾನು ಬಾಯಿ ಮುಚ್ಚಿಕೊಂಡು ಚೆನ್ನಾಗಿಯೇ ಇದ್ದೆ. ಮೊದಲು ಇಷ್ಟನ್ನು ಹೇಳಿಬಿಡುತ್ತೇನೆ. ಪೀಠಿಕೆ ಹಾಕುತ್ತ ಕೂತರೆ ನಾನು ನನ್ನ ಪರವಾಗಿಯೇ ಮಾತಾಡಲು ಶುರುಮಾಡುತ್ತೇನೆ, ನನ್ನ ಸ್ವಭಾವ ನನಗೆ ಗೊತ್ತು.

ಮೂಡಿಗೆರೆಯಲ್ಲಿ ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಕಂಪ್ಯೂಟರ್ ಕೇಂದ್ರ ಇತ್ತು. ನಾಲ್ಕು ಕಂಪ್ಯೂಟರ್, ಒಬ್ಬಳೇ ಟೀಚರ್ — ನಾನು. ವಯಸ್ಸು ಇಪ್ಪತ್ತಾರು. ಒಪ್ಪ ಓರಣದ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಕುರ್ಚಿ ಒಂದು ಗೇಣು ವಾರೆಯಾಗಿದ್ದರೆ ಪಾಠ ನಿಲ್ಲಿಸಿ ಸರಿಮಾಡುತ್ತಿದ್ದೆ. ನನ್ನ ಓರಣಕ್ಕೆ ಮನೆಯವರೇ ಮನೆ ಖಾಲಿ ಮಾಡಬೇಕಾಗುತ್ತದೆ ಎಂದು ಅಮ್ಮ ಗೊಣಗುತ್ತಿದ್ದಳು. ದಿನಕ್ಕೆ ಹತ್ತು ಸಲ ನಾನು ಹೇಳುತ್ತಿದ್ದ ಮಾತು ಒಂದೇ: ಸೇವ್ ಮಾಡಿ, ಸೇವ್ ಮಾಡಿ. ಹುಡುಗಿಯರು ನನಗೆ ‘ಸೇವ್ ಮೇಡಂ’ ಎಂದು ಹೆಸರಿಟ್ಟಿದ್ದರು.

ಆ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ಪದ್ಮಕ್ಕ ಬಂದರು. ದೇವರಮನೆ ದಾರಿಯ ಒಂದು ಸಣ್ಣ ಹಳ್ಳಿಯವರು, ಮೂರು ಎಕರೆ ಕಾಫಿ ತೋಟ, ಐವತ್ತನಾಲ್ಕು ವರ್ಷ. ಕಾಲೇಜು ಹುಡುಗಿಯರ ನಡುವೆ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತು, ತಮಗೆ ಕಾಗದ ಬರೆಯುವುದು ಬೇಡ, ಲೆಕ್ಕವೂ ಬೇಡ ಎಂದರು.

“ನೆನಪಿಟ್ಕಣದು ಕಲಿಸ್ಕೊಡಿ ಟೀಚರ್. ಅಷ್ಟು ಸಾಕು.”

ಅವರ ತಾಯಿ ಅರವತ್ತಕ್ಕೆ ಮರೆಯಲು ಶುರುಮಾಡಿದ್ದರಂತೆ. ಮೊದಲು ಉಪ್ಪು ಹಾಕಿದ್ದು, ಆಮೇಲೆ ದಾರಿ, ಕೊನೆಗೆ ಮಕ್ಕಳು. ಒಂದು ದಿನ ಪದ್ಮಕ್ಕನನ್ನೇ ಕೂರಿಸಿ ನೀರು ಕೊಟ್ಟು, ನೀನು ಯಾರ ಮನೆಯವಳು ತಾಯಿ ಎಂದು ಕೇಳಿದ್ದರಂತೆ. ಅದನ್ನು ಹೇಳುವಾಗ ಪದ್ಮಕ್ಕ ನಕ್ಕರು. ನಾನು ನಗಲಿಲ್ಲ, ಅಷ್ಟು ಬುದ್ಧಿ ಅಂದು ನನಗಿತ್ತು.

ಆ ಊರಿನ ಮದುವೆಗಳಲ್ಲಿ ಸೋಬಾನೆ ಹಾಡುತ್ತಿದ್ದವರು ಇಬ್ಬರು — ಪದ್ಮಕ್ಕ ಮತ್ತು ಅವರ ಓರಗಿತ್ತಿ ಕಮಲಕ್ಕ. ಚಪ್ಪರದಿಂದ ಹಿಡಿದು ಹೆಣ್ಣು ಒಪ್ಪಿಸುವ ತನಕ ಒಂದೊಂದು ಶಾಸ್ತ್ರಕ್ಕೂ ಒಂದಷ್ಟು ಹಾಡು. ಒಬ್ಬರಿಗೆ ತಡೆದರೆ ಇನ್ನೊಬ್ಬರು ಒಂದು ಮಾತು ಎತ್ತಿಕೊಡುತ್ತಿದ್ದರು. ಒಂದು ಮಾತು ಸಿಕ್ಕರೆ ಮುಂದಿನ ಸಾಲುಗಳು ತಾವಾಗಿ ಬರುತ್ತಿದ್ದವು. ಕಮಲಕ್ಕ ಹಿಂದಿನ ವರ್ಷ ತೀರಿಕೊಂಡಿದ್ದರು. ಅವರ ಮಗಳು ಸವಿತಾಳ ಮದುವೆ ಮೇ ತಿಂಗಳಲ್ಲಿ, ಕಳಸದ ಕಡೆಯ ಹುಡುಗನ ಜೊತೆ. ತಾಯಿ ಇಲ್ಲದ ಹುಡುಗಿಯನ್ನು ಒಪ್ಪಿಸುವಾಗ ನಾನು ಹಾಡುತ್ತೇನೆ ಎಂದು ಪದ್ಮಕ್ಕ ಓರಗಿತ್ತಿಗೆ ಕೊನೆಗಾಲದಲ್ಲಿ ಮಾತು ಕೊಟ್ಟಿದ್ದರು. ಈಗ ಎತ್ತಿಕೊಡುವವರು ಮಾತ್ರ ಯಾರೂ ಇರಲಿಲ್ಲ.

ಹಾಗಾದರೆ ಪೂರ್ತಿ ಹಾಡನ್ನೇ ಬರೆದಿಡಬಹುದಲ್ಲ ಎಂದೆ. ಅವರು ಕೆನ್ನೆ ಬಡಿದುಕೊಂಡರು. ಹೆಣ್ಣು ಹೊಸಿಲು ದಾಟುವ ದಿನ ಬಿಟ್ಟರೆ ಬೇರೆ ದಿನ ಒಪ್ಪಿಸುವ ಹಾಡನ್ನು ಹಾಡಬಾರದು. ಬರೆದರೂ ಹಾಡಿದ ಹಾಗೆಯೇ. ಎತ್ತಿಕೊಡುವ ಮಾತನ್ನು ಬರೆದರೆ ದೋಷವಿಲ್ಲ.

ನನಗೆ ತಟ್ಟನೆ ಹೊಳೆದದ್ದು ಒಂದು ತಂತ್ರಾಂಶ. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ ಉಚಿತವಾಗಿ ಸಿಕ್ಕಿತ್ತು — ಮೈಂಡ್ ಮ್ಯಾಪ್ ಬರೆಯುವುದು. ನಡುವೆ ಒಂದು ಮಾತು ಇಡಬೇಕು. ಅದರಿಂದ ಕೊಂಬೆ, ಕೊಂಬೆಯಿಂದ ರೆಂಬೆ, ತಲೆಯಲ್ಲಿ ಇದ್ದದ್ದೆಲ್ಲ ಪರದೆಯ ಮೇಲೆ ಹರಡಿಕೊಳ್ಳುತ್ತದೆ. ಕನ್ನಡದ ಒತ್ತಕ್ಷರಗಳು ಅದರಲ್ಲಿ ಸ್ವಲ್ಪ ಚದುರಿ ನಿಲ್ಲುತ್ತಿದ್ದವು, ಆದರೂ ಓದಲು ಅಡ್ಡಿಯಿರಲಿಲ್ಲ. ಬಿಟ್ಟಿ ಸಿಗುವ ವಸ್ತು ಎಂದ ಕೂಡಲೇ ಪದ್ಮಕ್ಕನಿಗೆ ಅನುಮಾನ ಬಂತು. ಎಲ್ಲೋ ಯಾರೋ ಕೂಡಿ ಮಾಡಿ, ಬೇಕಾದವರು ಬಳಸಿಕೊಳ್ಳಲಿ ಎಂದು ಬಿಟ್ಟಿದ್ದಾರೆ ಎಂದು ವಿವರಿಸಿದೆ. ಹಂಗಾರೆ ಇದೂ ಸೋಬಾನೆ ಇದ್ದಂಗೇ, ಕಟ್ಟಿದವರು ಯಾರೋ, ಹಾಡೋರಿಗೆ ಬಿಟ್ಟಿ ಎಂದರು. ಇದಕ್ಕಿಂತ ಚೆನ್ನಾಗಿ ಅದನ್ನು ಯಾರೂ ನನಗೆ ಹೇಳಿಕೊಟ್ಟಿಲ್ಲ.

ಪರದೆಯ ಮೇಲಿನ ಚಿತ್ರವನ್ನು ಅವರು ನಕ್ಷೆ ಎನ್ನಲೇ ಇಲ್ಲ, ‘ಗಿಡ’ ಎಂದರು. ನಮ್ಮ ಮನೆಯಲ್ಲಿ ಕಾಫಿ ಇಲ್ಲ, ಅಪ್ಪ ಶಾಲಾ ಮಾಸ್ತರು. ಹಾಗಾಗಿ ಕೀಲಿಮಣೆ ನಾನು ಕಲಿಸಿದರೆ ಗಿಡ ಅವರು ಕಲಿಸಿದರು. ಅಕ್ಕಪಕ್ಕ ಚಾಚುವ ರೆಕ್ಕೆಗಳಲ್ಲಿ ಹಣ್ಣು ಬರುತ್ತದೆ. ಕಾಂಡದಿಂದಲೇ ನೆಟ್ಟಗೆ ಏಳುವುದು ಕಂಬಚಿಗುರು; ಅದು ಗಿಡದ ಸಾರ ತಿನ್ನುತ್ತದೆ, ಕೊಯ್ಲಾದ ಮೇಲೆ ಮುರಿದು ತೆಗೆಯಬೇಕು. “ಎಲ್ಲನೂ ತೆಗಿಬಾರ್ದು ಮತ್ತೆ,” ಎಂದಿದ್ದರು ಒಮ್ಮೆ. “ಗಿಡಕ್ಕೆ ವಯಸ್ಸಾಗಿದ್ರೆ ಒಂದನ್ನ ಬಿಡ್ಬೇಕು. ಹಳೇ ಗಿಡ ಬದ್ಕದು ಅದ್ರಲ್ಲೇ.” ಪಾಠದ ಮೊದಲರ್ಧ ನನ್ನ ತಲೆಯಲ್ಲಿ ನಿಂತಿತು. ಉಳಿದರ್ಧ —

ಎರಡು ತಿಂಗಳಲ್ಲಿ ಅವರ ಗಿಡ ಸೊಗಸಾಗಿ ಹಬ್ಬಿತು. ನಡುವೆ ‘ಸವಿತಾ’. ಸುತ್ತ ಚಪ್ಪರ, ಎಣ್ಣೆ, ಧಾರೆ. ಪ್ರತಿ ರೆಕ್ಕೆಯಲ್ಲೂ ಎತ್ತಿಕೊಡುವ ಮಾತುಗಳು. ಒಂದೊಂದು ಮಾತು ಒತ್ತಿದ ಮೇಲೂ ಅವರು ತೋರುಬೆರಳಿನಿಂದ ಸೇವ್ ಮಾಡಿ, ‘ಸೇವ್’ ಎಂದು ಬಾಯಿಬಿಟ್ಟು ಹೇಳುತ್ತಿದ್ದರು, ಸೆರಗಿಗೆ ಗಂಟು ಹಾಕಿಕೊಳ್ಳುವವರ ಹಾಗೆ. ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ನನಗೆ ಅವರ ಮೇಲೆ ಎಷ್ಟು ಪ್ರೀತಿ ಇತ್ತು ಎಂದರೆ — ಇರಲಿ, ಪ್ರೀತಿಯಿದ್ದವಳು ಮಾಡಿದ್ದನ್ನು ಕೇಳಿ.

ಏಪ್ರಿಲ್ ಕೊನೆಗೆ ನಮ್ಮ ಕೇಂದ್ರಗಳ ಮೇಲ್ವಿಚಾರಕರು ಚಿಕ್ಕಮಗಳೂರಿನಿಂದ ಬರುವವರಿದ್ದರು. ತೋರಿಸಲು ಪದ್ಮಕ್ಕನ ಗಿಡಕ್ಕಿಂತ ಒಳ್ಳೆಯದು ನನ್ನ ಹತ್ತಿರ ಇರಲಿಲ್ಲ. ಅವರು ಬರುವ ಬೆಳಗ್ಗೆ ಅದನ್ನು ತೆರೆದು ಓರಣ ಮಾಡತೊಡಗಿದೆ. ಬುಡದಲ್ಲಿ, ಯಾವ ರೆಕ್ಕೆಗೂ ಸೇರದೆ, ಕಾಂಡಕ್ಕೇ ಅಂಟಿಕೊಂಡು ಒಂದಷ್ಟು ಬಿಡಿ ಮಾತುಗಳಿದ್ದವು. ಬೆಲ್ಲ. ಎಡಗಾಲು. ಒಳಕಲ್ಲು. ಹೀಗೇ ಏನೇನೋ. ಏಳೋ ಎಂಟೋ, ನಾನು ಎಣಿಸಲಿಲ್ಲ. ಟೈಪಿಂಗ್ ಅಭ್ಯಾಸಕ್ಕೆ ಒತ್ತಿ ಬಿಟ್ಟಿದ್ದಾರೆ ಎಂದುಕೊಂಡೆ. ಕಂಬಚಿಗುರು ಎಂದು ಮನಸ್ಸಿನಲ್ಲೇ ನಕ್ಕು ಒಂದೊಂದಾಗಿ ತೆಗೆದೆ, ನನ್ನ ಮಾತಿಗೆ ತಪ್ಪದೆ ಸೇವ್ ಮಾಡಿದೆ. ಮೇಲ್ವಿಚಾರಕರು ನೋಡಿ ಹೊಗಳಿದರು, ಚಿಕ್ಕಮಗಳೂರಿನ ಕೇಂದ್ರಕ್ಕೆ ನಿನ್ನಂಥವಳು ಬೇಕು ಎಂದರು. ಅಂದು ಮನೆಗೆ ಹೋಗುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮರುದಿನ ಪದ್ಮಕ್ಕ ಗಿಡವನ್ನು ಕಾಗದಕ್ಕೆ ಇಳಿಸಿಕೊಳ್ಳಲು ಬಂದರು. ಪರದೆ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಬುಡದಲ್ಲಿದ್ದವು ಎಲ್ಲಿ ಎಂದು ಕೇಳಿದರು — ಒಪ್ಪಿಸುವ ಹಾಡಿನವು. ಮದುವೆಗೆ ಮುಂಚೆ ಆ ಶಾಸ್ತ್ರದ ಹೆಸರು ಬರೆಯಲು ಮನಸ್ಸಾಗದೆ, ಹೆಸರಿಲ್ಲದೆ ಕಾಂಡದ ಹತ್ತಿರ ಇಟ್ಟಿದ್ದರಂತೆ.

ನಾನು ಕಂಬಚಿಗುರು ಎಂದು ತೆಗೆದದ್ದು ಅವನ್ನೇ. ಕೈತಪ್ಪಿ ಅಳಿಸಿದೆ ಎಂದರೆ ಮುಗಿಯುತ್ತಿತ್ತು. ಅವರು ಬೈಯುತ್ತಿರಲಿಲ್ಲ, ಕೂತು ಮತ್ತೆ ಒತ್ತುತ್ತಿದ್ದರು. ಆದರೆ ಸುತ್ತ ಹುಡುಗಿಯರಿದ್ದರು. ಸೇವ್ ಮೇಡಂ ತಾನೇ ಇನ್ನೊಬ್ಬರದನ್ನು ಅಳಿಸಿದಳು ಎಂದು — ಅಷ್ಟೇ. ಕಾರಣ ಅಷ್ಟೇ ಸಣ್ಣದು. ದೊಡ್ಡ ಕಾರಣ ಹುಡುಕಿ ಸಾಕಾಗಿದೆ, ಇಲ್ಲ.

“ನೀವು ಸೇವ್ ಮಾಡೋದು ಮರ್ತಿರ್ಬೇಕು ಪದ್ಮಕ್ಕ,” ಎಂದೆ.

ಅವರು ತಮ್ಮ ತೋರುಬೆರಳನ್ನೇ ನೋಡಿಕೊಂಡರು. ಟೀಚರ್ ಹೇಳಿದ ಮೇಲೆ ಮುಗಿಯಿತಲ್ಲ.

“ಹಂಗಾರೆ ಶುರುವಾಯ್ತು ನಂಗೂ,” ಎಂದರು ಮೆಲ್ಲಗೆ.

ಮತ್ತೆ ಒತ್ತೋಣ ಬನ್ನಿ ಎಂದು ಕೂರಿಸಿದೆ. ಬೆಲ್ಲ ಎಂದರು, ಮಣೆ ಎಂದರು, ಆಮೇಲೆ ಬೆರಳು ಗಾಳಿಯಲ್ಲೇ ನಿಂತಿತು. ಭಯ ಬಿದ್ದವರ ತಲೆಯಿಂದ ಏನು ಬರುತ್ತದೆ? ಬಾವಿಯಲ್ಲಿ ನೀರಿದ್ದರೂ ಕೈಗೆ ಹಗ್ಗ ಸಿಗಬೇಕಲ್ಲ. ಬುಡದಲ್ಲಿ ಎರಡೇ ಮಾತಿದ್ದ ಗಿಡದ ಕಾಗದ ಮಡಚಿಕೊಂಡು ಬಸ್ಸಿಗೆ ಹೋದರು.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುತ್ತಿದ್ದೆನೋ ಇಲ್ಲವೋ. ಆ ತಂತ್ರಾಂಶಕ್ಕೆ ಒಂದು ಗುಣವಿತ್ತು: ನಾವು ಹೇಳದಿದ್ದರೂ ಆಗಾಗ ತನ್ನಷ್ಟಕ್ಕೆ ಒಂದು ಪ್ರತಿಯನ್ನು ಮೂಲೆಯಲ್ಲಿ ಎತ್ತಿಡುತ್ತಿತ್ತು. ಮದುವೆಗೆ ಎರಡು ದಿನ ಇರುವಾಗ ಹುಡುಕಿದೆ, ಸಿಕ್ಕಿತು. ಬೆಲ್ಲ, ಎಡಗಾಲು, ಒಳಕಲ್ಲು, ಮಣೆ, ಕಪ್ಪು ದನ, ಸೆರಗು, ಹೊಳೆ. ಏಳು ಮಾತು. ಒಂದು ಚೀಟಿಯಲ್ಲಿ ದುಂಡಗೆ ಬರೆದುಕೊಂಡು, ಕೊಟ್ಟೇಬಿಡುತ್ತೇನೆ ಎಂದು ಮದುವೆಗೆ ಹೋದೆ.

ಪದ್ಮಕ್ಕ ಚಪ್ಪರದ ಹಾಡು ಹಾಡಿದರು, ಧಾರೆಯ ಹಾಡು ಹಾಡಿದರು. ಅವರ ದನಿ ಅಷ್ಟು ತುಂಬಿದ್ದು ಎಂದು ನನಗೆ ಗೊತ್ತೇ ಇರಲಿಲ್ಲ. ಊಟವಾಗಿ, ಇಳಿಹೊತ್ತಿನಲ್ಲಿ ಸವಿತಾಳ ಕೈಯನ್ನು ಬೀಗರ ಕೈಯಲ್ಲಿ ಇಡುವ ಹೊತ್ತು ಬಂತು. ಹೆಂಗಸರೆಲ್ಲ ಪದ್ಮಕ್ಕನ ಕಡೆ ತಿರುಗಿದರು. ನಾನು ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ಚೀಟಿ ನನ್ನ ಬ್ಯಾಗಿನಲ್ಲಿತ್ತು. ಕೈ ಬ್ಯಾಗಿನ ಒಳಗೇ ಇತ್ತು. ಎಲ್ಲಿ ಸಿಕ್ಕಿತು ಎಂದು ಕೇಳುತ್ತಾರೆ. ಸೇವ್ ಆಗಿತ್ತು ಎಂದು ಹೇಳಬೇಕಾಗುತ್ತದೆ. ಆಗ —

ಅವರು ಬಾಯಿ ತೆರೆದರು. ಒಪ್ಪಿಸುವ ಹಾಡಿನಲ್ಲಿ ಬೆಲ್ಲದ ಎರಡು ಸಾಲು ಬಂತು, ನಿಂತಿತು. ಪಕ್ಕಕ್ಕೆ ನೋಡಿದರು, ಕಮಲಕ್ಕ ನಿಲ್ಲುತ್ತಿದ್ದ ಜಾಗವಿರಬೇಕು ಅದು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದರು. ಅಳುತ್ತಿದ್ದಾರೆ ಎಂದು ಎಲ್ಲರೂ ತಿಳಿದರು, ಸವಿತಾ ಕೂಡ. ಅವಳು ಹಾಡಿಲ್ಲದೆ ಕಾರು ಹತ್ತಿದಳು. ನಾನು ಬ್ಯಾಗಿನ ಜಿಪ್ಪು ಎಳೆದುಕೊಂಡೆ.

ಪದ್ಮಕ್ಕ ಮತ್ತೆ ತರಗತಿಗೆ ಬರಲಿಲ್ಲ. ಮದುವೆಗಳಿಗೆ ಕರೆದರೆ, ತನ್ನ ತಲೆಯನ್ನು ನೆಚ್ಚುವ ಹಾಗಿಲ್ಲ ಎನ್ನುತ್ತಿದ್ದರಂತೆ. ನಾನು ಚಿಕ್ಕಮಗಳೂರಿಗೆ ಬಂದೆ, ನನ್ನ ಮದುವೆಯೂ ಆಯಿತು. ಸೋಬಾನೆ ಹೇಳುವವರನ್ನು ಕರೆಸೋಣವೇ ಎಂದು ಅಮ್ಮ ಕೇಳಿದಾಗ ಬೇಡ ಎಂದೆ. ಚೀಟಿಯನ್ನು ಮಾತ್ರ ಹರಿಯಲಿಲ್ಲ, ಸೀರೆಯ ಮಡಿಕೆಯಿಂದ ಮಡಿಕೆಗೆ ಅದನ್ನೂ ಓರಣವಾಗಿಯೇ ಇಡುತ್ತ ಬಂದೆ.

ಈಚೆಗೆ ಸವಿತಾ ಪೇಟೆಯಲ್ಲಿ ಸಿಕ್ಕಳು. ಚಿಕ್ಕಮ್ಮ ಪದ್ಮಕ್ಕನ ಸುದ್ದಿ ಹೇಳಿದಳು. ಮನೆಯ ಗೋಡೆ ತುಂಬ ಚೀಟಿ ಅಂಟಿಸಿದ್ದಾರಂತೆ: ಒಲೆ ಆರಿಸು, ಕೊಟ್ಟಿಗೆ ಬಾಗಿಲು ಹಾಕು. ಡಾಕ್ಟರಿಗೆ ತೋರಿಸಿದರೆ ಅವರು ಏನೂ ಇಲ್ಲ, ಇವರ ನೆನಪು ನನಗಿಂತ ಗಟ್ಟಿಯಾಗಿದೆ ಎಂದು ನಕ್ಕು ಕಳಿಸಿದರಂತೆ. ಚಿಕ್ಕಮ್ಮ ನಂಬುವುದಿಲ್ಲ. ಈ ವರ್ಷ ಅವರಿಗೆ ಅರವತ್ತು. ಅಮ್ಮನ ವಯಸ್ಸು ಬಂತು ಎಂದು ದಿನವೂ ಹೇಳುತ್ತಾರೆ. ಸವಿತಾ ಇದನ್ನು ನಗುತ್ತ ಶುರುಮಾಡಿದ್ದಳು, ಮುಗಿಸುವಾಗ ನಗು ಇರಲಿಲ್ಲ.

ಹೋದ ಭಾನುವಾರ ನಾನು ಹೋದೆ. ಪದ್ಮಕ್ಕ ಕಣದಲ್ಲಿ ಕಾಫಿ ಹರಡುತ್ತಿದ್ದರು. ಟೀಚರ್ ಎಂದು ಗುರುತು ಹಿಡಿದು, ಬಿಸಿಲಲ್ಲಿ ಯಾಕೆ ನಿಂತಿರಿ, ಒಳಗೆ ಬನ್ನಿ, ಕಾಫಿ ಕುಡಿಯಿರಿ ಎಂದರು. ಒಳಗೆ ಹೋದರೆ ಹೇಳಲಾರೆ ಎನಿಸಿತು. ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಮೇಲ್ವಿಚಾರಕರು, ಹುಡುಗಿಯರು, ಮದುವೆಯ ದಿನ ಬ್ಯಾಗಿನಲ್ಲಿದ್ದದ್ದು. ಚೀಟಿ ಕೊಟ್ಟೆ.

ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡರು. ಒಂದೊಂದು ಮಾತಿನ ಮೇಲೂ ಬೆರಳಿಟ್ಟು ಓದಿದರು. ಕೊನೆಯದಾದ ಮೇಲೂ ಬೆರಳು ಕೆಳಗೆ ಸರಿಯಿತು, ಖಾಲಿ ಕಾಗದದ ಮೇಲೆ ನಿಂತಿತು.

“ಒಂದು ಕಮ್ಮಿ ಇದೆ,” ಎಂದರು. “ತೊಟ್ಲು. ಹೊರಡೋ ಮುಂಚೆ ಒತ್ತಿದ್ದೆ. ಎಂಟಿತ್ತು.”

ಯಂತ್ರ ಅದಕ್ಕೂ ಮೊದಲೇ ಎತ್ತಿಟ್ಟ ಪ್ರತಿಯಲ್ಲಿ ಅದು ಇರಲಿಲ್ಲ. ಆರು ವರ್ಷ ಅದು ಇದ್ದದ್ದು ಅವರ ತಲೆಯಲ್ಲಿ ಮಾತ್ರ.

“ಸೇವ್ ಮಾಡಿದ್ದೆ ನಾನು,” ಎಂದರು. ನನ್ನನ್ನು ಕೇಳಿದ್ದಲ್ಲ. ಆದರೂ ನಾನು ಹೇಳಿದೆ: ಹೌದು ಪದ್ಮಕ್ಕ, ನೀವು ಸೇವ್ ಮಾಡಿದ್ದಿರಿ, ಅಳಿಸಿದ್ದು ನಾನು. ಅಂದು ಇಷ್ಟೇ ಸಾಕಿತ್ತು.

ಅವರು ತಿರುಗಿ ಕಾಫಿ ಹರಡತೊಡಗಿದರು. ಒಳಗೆ ಬನ್ನಿ ಎಂದು ಮತ್ತೆ ಕರೆಯಲಿಲ್ಲ. ಕ್ಷಮಿಸಿ ಎಂದು ಕೇಳಲು ನನಗೂ ಬಾಯಿ ಬರಲಿಲ್ಲ, ಕೇಳಿದ್ದರೆ ಅದನ್ನೂ ಅವರೇ ಕೊಡಬೇಕಾಗಿತ್ತು. ಗೇಟು ದಾಟಿ ಹಿಂತಿರುಗಿ ನೋಡಿದಾಗ ಪದ್ಮಕ್ಕ ಕಣದಲ್ಲಿ ಇರಲಿಲ್ಲ. ತೆರೆದ ಬಾಗಿಲಲ್ಲಿ ಕಂಡರು. ಗೋಡೆಯ ಚೀಟಿಗಳನ್ನು ಒಂದೊಂದಾಗಿ ಕೀಳುತ್ತಿದ್ದರು.