ಸೀರೆಯಲ್ಲಿ ಸುತ್ತಿದ ಗುಂಡುಕಲ್ಲು

ನಾನು ಬಸುರಿಯಾಗಿ ಎಂಟು ತಿಂಗಳು ತುಂಬಿದಾಗ, ನಮ್ಮ ನಾಯಿ ಕರಿಯನನ್ನು ಗಡಿಯ ನಂಗಲಿ ಚೆಕ್‌ಪೋಸ್ಟಿನಲ್ಲಿ ಯಾವುದಾದರೂ ಲಾರಿ ಹತ್ತಿಸಿ ಕಳಿಸಬೇಕೆಂದು ಅತ್ತೆ ಹಟ ಹಿಡಿದರು. ಅದು ಮಗುವನ್ನು ಕಚ್ಚೀತೆಂಬ ಭಯ ಅವರಿಗೆ.

ಪಕ್ಕದ ಮನೆಯ ಸೂಲಗಿತ್ತಿ ಒಪ್ಪಲಿಲ್ಲ. “ಅದಕ್ಕೂ ಒಂದ್ಮಾತು ಹೇಳ್ಬೇಕು ಕಣಮ್ಮ” ಅಂದಳು. ಎಮ್ಮೆ, ಕೋಳಿ, ಗಂಡಸರು, ಯಾರ ವಿಷಯಕ್ಕೂ ಅವಳದು ಅದೇ ಮಾತು. ಚಟ್ನಿ ಒರಳಿನ ಗುಂಡುಕಲ್ಲನ್ನು ನನ್ನ ಹಳೇ ಸೀರೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು, ದಿನಾ ಕರಿಯನ ಮುಂದೆ ಜೋಗುಳ ಹಾಡಿ, ಮೊರದಲ್ಲಿ ಮಲಗಿಸುತ್ತಿದ್ದಳು. ಕರಿಯ ಮೂಸಿ ನೋಡಿ ಕಿವಿ ನಿಮಿರಿಸುತ್ತಿತ್ತು. ಅದಕ್ಕೆ ಏನು ತಿಳಿಯುತ್ತಿದೆಯೋ ಎಂದು ನಾನು ಬಾಗಿಲಲ್ಲೇ ಕೂತು ನೋಡುತ್ತಿದ್ದೆ.

ವಾರ ಕಳೆದ ಮೇಲೆ ಅತ್ತೆ ಚಟ್ನಿ ಅರೆಯಲು ಕಲ್ಲು ಬೇಕೆಂದು ಮೊರಕ್ಕೆ ಕೈ ಹಾಕಿದರು. ಕರಿಯ ಅಡ್ಡ ನಿಂತು ಗುರ್ರೆಂದಿತು.

ಅತ್ತೆ ಕೈ ಹಿಂದಕ್ಕೆ ತೆಗೆದು, ಮೆಲ್ಲಗೆ ಅಂದರು: “ಲೇ ಕರಿಯಾ, ನಾನು ಅಜ್ಜಿ ಕಣೋ.”