ಅಣ್ಣನ ಪಾಲಿನ ಅಟ್ಟ

ಬೆಟ್ಟದಪುರದ ಹತ್ತಿರದ ಹಳ್ಳಿಯಲ್ಲಿ ನಾನಿರುವ ತೊಟ್ಟಿ ಮನೆ ನಮ್ಮವರು ಕಟ್ಟಿಸಿದ್ದಲ್ಲ. ಬಟ್ಟೆ ವ್ಯಾಪಾರದವರು ಕಟ್ಟಿಸಿ, ಮೈಸೂರಿಗೆ ಹೋಗುವಾಗ ನಮ್ಮ ತಾತನಿಗೆ ಮಾರಿದ್ದು. ಹಾಗಾಗಿ ಬೇಸಾಯಗಾರರಿಗೆ ಬೇಡದ ಚೆಂದಗಳೂ ಇದರಲ್ಲಿವೆ. ಜಗಲಿಯಲ್ಲಿ ಗಿರಾಕಿಗಳು ಒರಗಿ ಕೂರಲು ಇಳಿಜಾರು ಗೋಡೆ. ಬಟ್ಟೆಗಂಟು ಇಡಲು ಪಡಸಾಲೆಯ ಮೇಲೆ ಹಲಸಿನ ಹಲಗೆಯ ಅಟ್ಟ. ಮಣ್ಣಿನ ಗೋಡೆ ಎಷ್ಟು ದಪ್ಪವೆಂದರೆ ಬೇಸಿಗೆಯಲ್ಲೂ ಒಳಗೆ ಮಡಕೆಯೊಳಗಿನ ತಂಪು. ನಾನೂ ಅಣ್ಣನೂ ಆ ಅಟ್ಟದಲ್ಲಿ ಹುರುಳಿ ಮೂಟೆಗಳ ನಡುವೆ ಮಲಗಿ ಬೆಳೆದವರು.

ಅಪ್ಪ ತೀರಿಕೊಂಡ ಮೇಲೆ ಮನೆ ಪಾಲಾಯಿತು. ತೊಟ್ಟಿಯ ಪೂರ್ವಕ್ಕೆ ಅಣ್ಣ, ಪಶ್ಚಿಮಕ್ಕೆ ನಾನು. ಪಡಸಾಲೆ, ಅಟ್ಟ ಅವನ ಕಡೆಗೆ ಬಂದವು. ಹುಣಸೂರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಅವನು ತನ್ನ ಪಾಲಿಗೆ ಬೀಗ ಹಾಕಿ ಬೀಗದಕೈ ನನಗೇ ಕೊಟ್ಟ.

"ವಯಸ್ಸಾದ್ಮೇಲೆ ಬಂದು ಇಲ್ಲೇ ಇರ್ತೀನಿ ಕಣ್ಲಾ. ಗಾಳಿ ಬೆಳಕು ಆಡೋ ಅಂಗೆ ನೋಡ್ಕೊ" ಅಂದಿದ್ದ.

ಒಂದು ವರ್ಷ ಹೊಗೆಸೊಪ್ಪನ್ನು ಬ್ಯಾರನ್‌ಗೆ, ಅಂದರೆ ಸೊಪ್ಪು ಹದ ಮಾಡುವ ಬೆಂಕಿಮನೆಗೆ, ಏರಿಸಿ ಬೆಂಕಿ ಹಾಕಿದ್ದೆ. ಸೊಪ್ಪು ಹಳದಿಗೆ ತಿರುಗಿತ್ತು, ಇನ್ನು ಶಾಖ ಏರಿಸಬೇಕು. ಆ ಹೊತ್ತಿಗೆ ಬೆಂಕಿ ತಗ್ಗಿದರೆ ಇಡೀ ಬ್ಯಾರನ್ನಿನ ಸೊಪ್ಪು ಕಪ್ಪಾಗಿಬಿಡುತ್ತದೆ. ಹೇಳಿದ್ದ ಸೌದೆ ಲಾರಿ ಬರಲಿಲ್ಲ. ಕೊಟ್ಟಿಗೆಯ ಬೊಂಬು, ಮುರಿದ ಗಾಡಿಯ ಚಕ್ರ ಎಲ್ಲ ಉರಿದು ಮುಗಿದಿದ್ದವು. ಅಣ್ಣನ ಪಡಸಾಲೆಯ ಬೀಗ ತೆಗೆದೆ. ಅಟ್ಟದ ಹಲಗೆ ಕಿತ್ತವನು ನಾನು, ಹೊತ್ತವಳು ನನ್ನ ಹೆಂಡತಿ.

"ನಿಮ್ಮಣ್ಣಂಗೆ ಏನ್ ಹೇಳ್ತೀರಿ?" ಅಂತ ಕೇಳಿದಳು. ನಾನು ಮೊದಲ ಹಲಗೆಯನ್ನು ಬ್ಯಾರನ್ನಿನ ಒಲೆಗೆ ನೂಕಿದೆ.

ಅಣ್ಣ ಬಂದಾಗ, ಗೆದ್ದಲು ಹಿಡಿದಿತ್ತು, ಕಿತ್ತು ಸುಟ್ಟೆ ಅಂದೆ. ಅವನು ಬರಿದಾದ ತೊಲೆಗಳನ್ನು ನೋಡುತ್ತ ನಿಂತ. "ಬೀಗ ಹಾಕ್ಕೊಂಡು ಹೋಗಿದ್ದು ನಂದೇ ತಪ್ಪು. ನೀನಾದ್ರೂ ಬಾಳು, ಇಟ್ಕೊ ಬುಡು" ಅಂದ. ಮುಂದಿನ ತಿಂಗಳೇ ತನ್ನ ಪಾಲಿನ ಹಕ್ಕು ಬಿಟ್ಟು ನನ್ನ ಹೆಸರಿಗೆ ಖುಲಾಸೆ ಪತ್ರ ಮಾಡಿಕೊಟ್ಟ. ನಾನು ಬೇಡ ಅನ್ನಲಿಲ್ಲ. ಅದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಹೆಂಡತಿ ಮಾತ್ರ ಬಿಡಲಿಲ್ಲ. ಎಷ್ಟೋ ವರ್ಷ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, "ನಮ್ಮನೆ ಗೆದ್ದಲಿಗೆ ಕಾಫಿ ಕೊಡ್ಲಾ?" ಅಂತ ಕೇಳುತ್ತಿದ್ದಳು.

ಈ ವರ್ಷ ಪಂಚಾಯ್ತಿಯವರು ಮನೆ ಅಳೆಯಲು ಬಂದರು. "ಪೂರ್ತಿ ನಿಮ್ಮದೇನಾ ಯಜಮಾನ್ರೆ?" ಅಂತ ಕೇಳಿದರು. ಹೌದು ಅನ್ನಲು ಬಾಯಿ ಬರಲಿಲ್ಲ. ಮಾರನೆಯ ದಿನ ಹುಣಸೂರಿನ ಬಸ್ಸು ಹತ್ತಿದೆ.

ಅಣ್ಣ ಅಂಗಡಿ ಮುಂದಿನ ಬೆಂಚಿನಲ್ಲಿ ಕೂತಿದ್ದ. ಎಲ್ಲ ಹೇಳಿದೆ.

"ಸೊಪ್ಪು ಎಂಗೆ ಬಂತು?" ಅಂದ.

"ಚೆನ್ನಾಗೇ ಬಂತು."

"ಅಷ್ಟಾದ್ರೂ ಆಯ್ತಲ್ಲ. ಅವತ್ತೇ ಹೇಳಿದ್ರೆ ಎರಡು ಬೈದು ಸುಮ್ನಾಗ್ತಿದ್ದೆ. ನಾನು ಇಷ್ಟು ವರ್ಷ ನನ್ನನ್ನೇ ಬೈಕೊಂಡೆ ಕಣ್ಲಾ. ಎದ್ದೋಗು."

ಎದ್ದು ಬಂದೆ. ವಾರ ಕಳೆಯುವುದರೊಳಗೆ ಅತ್ತಿಗೆಯನ್ನು ಕರೆದುಕೊಂಡು ಅವನೇ ಬಂದ. ಒಳಗೆ ಬರುವ ಮೊದಲೇ ಹೇಳಿದ: "ನನ್ನ ಪಾಲು ನಂಗೆ ಬರ್ಕೊಡು. ಅಟ್ಟ ನೀನೇ ಆಕ್ಸು. ಹಲಸಿಂದೇ ಆಗ್ಬೇಕು."

ಬರೆದುಕೊಟ್ಟಿದ್ದೇನೆ. ಹಲಸಿನ ಹಲಗೆ ಬಂದಿದೆ, ಬಡಗಿ ಕೂರಿಸುತ್ತಿದ್ದಾನೆ. ಅಣ್ಣ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು, ನನಗೆ ಹೇಳಬೇಕಾದದ್ದನ್ನೂ ಬಡಗಿಗೇ ಹೇಳುತ್ತಾನೆ. ಊಟಕ್ಕೆ ಮಾತ್ರ ತೊಟ್ಟಿ ದಾಟಿ ನಮ್ಮ ಕಡೆಗೆ ಬರುತ್ತಾನೆ. ನನ್ನ ಮುಖ ನೋಡದೆ ಉಣ್ಣುತ್ತಾನೆ. ನಿನ್ನೆ ಅವರೆಕಾಳು ಸಾರನ್ನು ಎರಡನೇ ಸಲ ಹಾಕಿಸಿಕೊಂಡ.