ಕಣದಲ್ಲಿ ಕೊಟ್ಟ ಮಾತು

ನಾನು ಕೋಲಾರಕ್ಕೆ ಬಂದು ಇಪ್ಪತ್ತು ದಿನವಾಗಿತ್ತು. ಅದೊಂದು ಭಾನುವಾರ. ನನ್ನ ತಮ್ಮ ಗುರುಪಾದ ನೋಡಿಕೊಳ್ಳುತ್ತಿದ್ದ ವಸ್ತುಸಂಗ್ರಹದ ಕೋಣೆಗೆ ಹೆಂಗಸೊಬ್ಬಳು ಬಂದಳು. ಬಾಗಿಲ ಬಳಿ ನಿಲ್ಲಿಸಿದ್ದ ವೀರಗಲ್ಲಿಗೆ ಕುಂಕುಮ ಹಚ್ಚಿ, ಅದರ ಮುಂದೆಯೇ ತೆಂಗಿನಕಾಯಿ ಒಡೆದಳು. ಕಾಯಿಯ ನೀರು ನನ್ನ ಧೋತರದ ಮೇಲೆ ಸಿಡಿಯಿತು. ನಮ್ಮ ಗದಗಿನಲ್ಲಿ ಗುಡಿಯೊಳಗಿದ್ದರೆ ದೇವರು, ಹೊರಗೆ ಬಿದ್ದಿದ್ದರೆ ಕಲ್ಲು. ಇಲ್ಲಿ ನಂಬರಿನ ಚೀಟಿ ಅಂಟಿಸಿದ ಕಲ್ಲಿಗೂ ಕಾಯಿ ಒಡೆಯುತ್ತಾರೆ!

"ಏನೋ ಇದು?" ಎಂದೆ.

"ಸುಮ್ನ ನೋಡು ಯಣ್ಣಾ. ನಾವು ಕಲ್ಲು ತಂದೀವಿ, ಆಕಿ ಕಲ್ಲಿನ ಬೆನ್ನು ಹತ್ತಿ ಬಂದಾಳ. ಬ್ಯಾಡ ಅನ್ನಾಕ ನಾವ್ಯಾರು?" ಎಂದು ನಕ್ಕು, ಅವಳು ಕೊಟ್ಟ ಕಾಯಿಹೋಳನ್ನು ನನ್ನ ಕೈಗಿಟ್ಟ.

ಮರುದಿನ ಅವನು ಶ್ರೀನಿವಾಸಪುರದ ಕಡೆ ಒಂದು ಶಾಸನ ನೋಡಲು ಹೋದ. ಜ್ವರ ಹೊತ್ತು ಬಂದ. ಐದನೆಯ ದಿನ ತೀರಿಕೊಂಡ. ಅವನಿಗೆ ಮೂವತ್ತೊಂದು, ಮದುವೆಯಾಗಿರಲಿಲ್ಲ.

ನಾನು ಊರಿಗೆ ಏಕೆ ಮರಳಲಿಲ್ಲವೆಂದು ಗದಗಿನ ಗೆಳೆಯರು ಕಾಗದ ಬರೆದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೂ ಪೂರ್ತಿ ಗೊತ್ತಿಲ್ಲ. ಗುರುಪಾದ ಇಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಮಾಸ್ತರನಾಗಿದ್ದ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಅಚ್ಚುಮೊಳೆ ಜೋಡಿಸುವ ಕೆಲಸ ಕಲಿತವನು. ಯುದ್ಧದ ಕಾಲ, ಕಾಗದಕ್ಕೆ ಬರ, ಗದಗಿನ ಛಾಪಖಾನೆ ಮುಚ್ಚಿತ್ತು. ಇಲ್ಲಿನ ಛಾಪಖಾನೆಯಲ್ಲಿ ಕೆಲಸ ಕೊಡಿಸುತ್ತೇನೆಂದು ಅವನೇ ಕರೆಸಿಕೊಂಡಿದ್ದ. ಅವನಿಗಾಗಿ ಬಂದೆ, ಅವನು ಹೋದ, ಕೆಲಸ ಉಳಿಯಿತು.

ಮನೆ ಸಾಬರ ಕೇರಿಯಲ್ಲಿ. ಓಣಿಯಲ್ಲಿ ದಖನಿ ಉರ್ದು, ಸಂತೆಯಲ್ಲಿ ತೆಲುಗು, ಛಾಪಖಾನೆಯಲ್ಲಿ ಕನ್ನಡ. ಆ ಕನ್ನಡವೂ ನನ್ನದಲ್ಲ. ನಾನು ಬಾಯಿ ಬಿಟ್ಟರೆ ಮೊಳೆ ಜೋಡಿಸುವ ಹುಡುಗರು ನಾಟಕ ನೋಡುವವರಂತೆ ಕೈಕಟ್ಟಿ ನಿಲ್ಲುತ್ತಿದ್ದರು. ಜೋಳದ ರೊಟ್ಟಿ ತಟ್ಟುವ ಸದ್ದು ಕೇಳಿ ತಿಂಗಳುಗಳಾಗಿದ್ದವು. ಇಲ್ಲಿ ರಾಗಿಮುದ್ದೆ. ಮೊದಲ ದಿನ ನಾನು ಅದನ್ನು ಅಗಿದೆ. ಹೋಟೆಲಿನವನು ಓಡಿ ಬಂದು, "ಅಯ್ಯೋ ಸಾಮಿ, ಅಗೀಬಾರ್ದು, ನುಂಗ್ಬೇಕು! ಹಲ್ಲಿಗೇನೂ ಕೆಲ್ಸ ಇಲ್ಲ ಇಲ್ಲಿ," ಎಂದ. ಸಂಜೆಯಾದರೆ ಕಾಲು ನಿಲ್ಲುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ, ಮಾಲೂರಿನ ಬಸ್ಸು, ಮುಳಬಾಗಿಲಿನ ಬಸ್ಸು ಹೊರಡುವುದನ್ನು ನೋಡಿ, ಯಾವುದಕ್ಕೂ ಹತ್ತದೆ ಬರುತ್ತಿದ್ದೆ.

ಆ ವಸ್ತುಸಂಗ್ರಹದ ಕೋಣೆಗೆ ಒಂದು ಟ್ರಸ್ಟ್ ಇತ್ತು. ಟ್ರಸ್ಟಿ ಎಂದರೆ ಸಂಬಳವಿಲ್ಲದ ಜವಾಬ್ದಾರ. ಕೈಗೆ ಒಂದು ಬೀಗದ ಕೈ, ತಿಂಗಳಿಗೊಂದು ಸಭೆ. ಗುರುಪಾದನ ಜಾಗಕ್ಕೆ ನನ್ನನ್ನೇ ಸೇರಿಸಿಕೊಂಡರು. ಉಳಿದವರು ಇಬ್ಬರು. ಒಬ್ಬರು ನಿವೃತ್ತ ಅಮಲ್ದಾರರು, ಅವರೇ ಅಧ್ಯಕ್ಷರು. ಇನ್ನೊಬ್ಬರು ರೇಷ್ಮೆಗೂಡಿನ ವ್ಯಾಪಾರಿ ಇಬ್ರಾಹಿಂ ಸಾಹೇಬರು. ಊರಿನವರು ಆ ಕೋಣೆಯನ್ನು 'ಹಳೇ ಸಾಮಾನ್ ಆಫೀಸು' ಎನ್ನುತ್ತಿದ್ದರು. ಮುರಿದ ಕತ್ತಿ, ತಾಮ್ರದ ನಾಣ್ಯ, ಓಲೆಗರಿಯ ಕಟ್ಟು, ಐದಾರು ವೀರಗಲ್ಲು. ಭಾನುವಾರ ನಾನು ಧೂಳು ಒರೆಸಿ, ಗೆದ್ದಲು ಹತ್ತಿದೆಯೇ ನೋಡಿ, ಬಂದವರಿಗೆ ತೋರಿಸುತ್ತಿದ್ದೆ. ಎಲ್ಲದಕ್ಕೂ ಗುರುಪಾದನ ಕೈಬರಹದ ಚೀಟಿ ಇತ್ತು. ಅವನ್ನು ಓದುತ್ತ ನಿಂತರೆ ಹೊತ್ತು ಹೋಗುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಹೋಳೂರಿನಿಂದ ಮುನಿಶಾಮಪ್ಪನೆಂಬ ರೈತ ಬಂದ. ಚಪ್ಪಲಿ ಹೊರಗೆ ಬಿಟ್ಟು, ನೇರ ಮೂಲೆಯ ಕೊಳಗದ ಹತ್ತಿರ ಹೋಗಿ ನಿಂತ. ಕಬ್ಬಿಣದ ಪಟ್ಟಿ ಬಿಗಿದ, ರಾಗಿ ಅಳೆಯುವ ದೊಡ್ಡ ಮರದ ಅಳತೆ ಅದು. ಹೋದ ವರ್ಷ ಗುರುಪಾದ ಅದನ್ನು ಹೋಳೂರಿನಿಂದ ಹೆಗಲ ಮೇಲೆ ಹೊತ್ತು ತಂದಿದ್ದನಂತೆ.

"ಕಣ ಆಗೈತೆ ಸಾಮಿ. ಕೊಳಗ ಕೊಡಿ, ಅಳ್ದು ತಂದುಕೊಡ್ತೀನಿ."

"ಇದು ಈಗ ಸಂಗ್ರಹದ್ದಲ್ಲವೇ?"

"ಮೇಷ್ಟ್ರು ಒಪ್ಪವ್ರೆ. ನಮ್ಮಟ್ಟದಾಗೆ ಗೆದ್ದಲು ಹತ್ತಿತ್ತು, ಅದ್ಕೆ ಇಲ್ಲಿಟ್ಟಿದ್ದು. ವರ್ಷ ವರ್ಷ ಕಣಕ್ಕೆ ಬರ್ಬೇಕು ಅದು."

ಪುಸ್ತಕ ತೆಗೆದು ನೋಡಿದೆ. 'ಕೊಳಗ, ಹೋಳೂರು, ಕೊಟ್ಟವರು ಮುನಿಶಾಮಪ್ಪ' ಎಂದಷ್ಟೇ ಇತ್ತು. ಸಭೆ ಸೇರಿತು. ಒಳಗೆ ಬಂದ ವಸ್ತು ಹೊರಗೆ ಹೋಗಕೂಡದೆಂಬುದು ಟ್ರಸ್ಟಿನ ಕಟ್ಟಳೆ. ಅಮಲ್ದಾರರು ಕನ್ನಡಕ ಏರಿಸಿ ಮುನಿಶಾಮಪ್ಪನನ್ನು ಕೇಳಿದರು:

"ಮೇಷ್ಟ್ರು ನಿನಗೆ ಕೊಡ್ತೀನಿ ಅಂತ ಹೇಳಿದ್ರೇನಯ್ಯ?"

ಅವನು ಕೊಳಗದ ಕಡೆ ನೋಡಿದ. "ಹೇಳ್ಲಿಲ್ಲ ಸಾಮಿ."

"ಬರೆದುಕೊಟ್ರಾ?"

"ಇಲ್ಲ. ಕೈ ಇಟ್ರು."

"ಎಲ್ಲಿ? ನಿನ್ನ ತಲೆ ಮೇಲಾ?" ಅಮಲ್ದಾರರು ನಕ್ಕರು.

ಸಾಹೇಬರು ನಗಲಿಲ್ಲ. "ಕೊಟ್ಟು ಬಿಡೋಣ ಸಾರ್, ಪಾಪ," ಎಂದರು. ಒಬ್ಬರು ಬೇಡ, ಒಬ್ಬರು ಬೇಕು. ಇಬ್ಬರೂ ನನ್ನ ಕಡೆ ತಿರುಗಿದರು. ನಿಮ್ಮ ತಮ್ಮನ ಸ್ವಭಾವ ನಿಮಗೆ ಗೊತ್ತಲ್ಲ, ನೀವೇ ಹೇಳಿ ಎಂದರು. ನನಗೆ ಗೊತ್ತಿರಲಿಲ್ಲ. ಅವನು ಇಲ್ಲಿ ಬಾಳಿದ ಎಂಟು ವರ್ಷಗಳಲ್ಲಿ ನಾನು ಕಂಡದ್ದು ಇಪ್ಪತ್ತೈದು ದಿನ. ಕೊಳಗ ಹೋದರೆ ಮರಳಿ ಬಾರದೆಂಬ ಹೆದರಿಕೆಯೂ ಇತ್ತು. ಅದರ ಮೇಲೆ ಅವನ ಚೀಟಿ ಇತ್ತು.

"ಹೇಳಿಲ್ಲ ಎಂದ ಮೇಲೆ ಹೇಳಿಲ್ಲ," ಎಂದೆ.

ಮುನಿಶಾಮಪ್ಪ ಜಗಳವಾಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದ.

ಹತ್ತು ದಿನ ಕಳೆಯಿತು. ಮೊಳೆ ಜೋಡಿಸುವಾಗ ಸಾಲು ತಪ್ಪುತ್ತಿತ್ತು. ಒಂದು ಮಧ್ಯಾಹ್ನ ಸಾಹೇಬರು ಛಾಪಖಾನೆಗೇ ಬಂದರು. "ಹುತ್ತೂರಿಗೆ ಗೂಡು ತರಕ್ಕೆ ಹೋಗಿದ್ದೆ. ಹೋಳೂರಿನ ಸುದ್ದಿ ಕೇಳಿದೆ. ಆ ಮನುಷ್ಯ ಇನ್ನೂ ರಾಗಿ ಅಳೆದಿಲ್ಲ ಅರೆ! ಬೇರೆ ಕೊಳಗದಲ್ಲಿ ಅಳೆಯಲ್ಲ ಅಂತಾನೆ. ಮೋಡ ನೋಡಿದ್ರಾ ಮೇಲೆ?"

ಮರುದಿನವೇ ಹೋಳೂರಿಗೆ ಬಸ್ಸು ಹತ್ತಿದೆ, ಪೆಟ್ರೋಲಿನ ಬದಲು ಇದ್ದಿಲಿನಲ್ಲಿ ಓಡುವ ಯುದ್ಧಕಾಲದ ಬಸ್ಸು. ಕಣದಲ್ಲಿ ರಾಗಿಯ ರಾಶಿ ಹುಲ್ಲು ಹೊದ್ದು ಕೂತಿತ್ತು, ಸುತ್ತ ಬೂದಿಯ ಗೆರೆ. ಮುನಿಶಾಮಪ್ಪನ ತಾಯಿ ವೆಂಕಟಮ್ಮ ಬೇವಿನ ಸೊಪ್ಪು ಹಿಡಿದು ಕೋಳಿ ಓಡಿಸುತ್ತಿದ್ದಳು. ನನ್ನ ಮಾತು ಕೇಳಿದ್ದೇ ತಡ, "ಮೇಷ್ಟ್ರ ಅಣ್ಣಾನಾ ನೀನು? ಅದೇ ರಾಗ!" ಎಂದಳು. "ಕೊಳಗ ತಂದಿಲ್ಲ, ಬರೀ ಮೀಸೆ ತಂದಿದ್ದೀಯ."

"ಅವ್ವಾ, ಅವ ಏನು ಹೇಳಿದ್ದ?"

"ಏನೂ ಹೇಳ್ಲಿಲ್ಲ ಕಣಪ್ಪ. ಹೆಂಗೆ ಹೇಳ್ತಾನೆ? ರಾಶಿ ಅಳೀವಾಗ ಗೆರೆ ಒಳ್ಗೆ ಯಾರೂ ಮಾತಾಡ್ಬಾರ್ದು. ಎಣಿಸೋನು ಒಬ್ನೇ ಬಾಯಿ ಬಿಡೋದು. ಮೊದ್ಲು ನಿಮ್ಮ ತಮ್ಮ ತಿಳೀದೆ ಒಳಗೆ ಬಂದು, 'ಇದು ಎಷ್ಟು ಸೇರು ಹಿಡಿತೈತಿ?' ಅಂತ ಕೇಳ್ಬಿಟ್ಟ. ಅಳ್ದಿದ್ದೆಲ್ಲ ರಾಶಿಗೆ ಸುರ್ದು ಮತ್ತೆ ಮೊದ್ಲಿಂದ ಅಳ್ದ್ವಿ! ನನ್ ಮಗ ಬಯ್ಯಕ್ಕೂ ಆಗ್ದೆ ಹಲ್ಲು ಕಚ್ಚಿದ್ದ." ಅವಳು ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆಮೇಲೆ ಮೂಲೇಲಿ ಕೈಕಟ್ಟಿ ನಿಂತ, ಪಾಪ. ಎಲ್ಲಾ ಮುಗೀತಾ ಬಂದಾಗ ನಾನು ಕೊಳಗ ತೋರ್ಸಿದೆ, ಆಮೇಲೆ ಈ ನೆಲ ತೋರ್ಸಿದೆ. ವರ್ಷ ವರ್ಷ ಇಲ್ಲಿಗೆ ಬರ್ಬೇಕು ಅಂತ. ಅವ್ನು ಕೊಳಗದ ಬಾಯಿ ಮೇಲೆ ಎರಡೂ ಕೈ ಇಟ್ಟು ತಲೆ ಆಡಿಸ್ದ. ಕಣದಾಗೆ ಅದಕ್ಕಿಂತ ದೊಡ್ಡ ಮಾತಿಲ್ಲ."

ನಾನು ಆ ಬೂದಿಯ ಗೆರೆಯ ಹೊರಗೆ ಕುಳಿತುಬಿಟ್ಟೆ. 'ಹೇಳಿದ್ರೇನಯ್ಯ' ಎಂದು ನಾವು ಕೇಳಿದ್ದೆವು. ಮುನಿಶಾಮಪ್ಪ ಸುಳ್ಳು ಹೇಳಲಾರದೆ ಇಲ್ಲವೆಂದಿದ್ದ. ಹೌದು ಎಂಬ ಒಂದು ಮಾತಾಡಿದ್ದರೆ ಅವನ ರಾಗಿ ಹತ್ತು ದಿನದ ಹಿಂದೆಯೇ ಮನೆ ಸೇರುತ್ತಿತ್ತು.

ಸಂಜೆಯ ಬಸ್ಸಿಗೆ ಮರಳಿ ನೇರ ಅಮಲ್ದಾರರ ಮನೆಗೆ ಹೋದೆ. ನಡೆದುದನ್ನು ಹೇಳಿದೆ. "ಬರಹವಿಲ್ಲದೆ ಕೊಟ್ಟರೆ ನಾಳೆ ಕಲ್ಲುಗಳನ್ನೂ ಕೇಳ್ತಾರೆ," ಎಂದರು. ಹಾಗಾದರೆ ನನ್ನ ಹೆಸರಿನಲ್ಲೇ ಕೊಂಡೊಯ್ಯುತ್ತೇನೆ, ಬಾರದಿದ್ದರೆ ನನ್ನನ್ನು ಟ್ರಸ್ಟಿನಿಂದ ತೆಗೆಯಿರಿ ಎಂದು ಬೀಗದ ಕೈಯನ್ನು ಅವರ ಮೇಜಿನ ಮೇಲಿಟ್ಟೆ. "ಕೈ ಇಲ್ಲದೆ ಬೀಗ ಹೇಗೆ ತೆಗೀತೀರಿ? ತಗೊಳ್ಳಿ," ಎಂದು ಅವರು ಅದನ್ನು ನನ್ನ ಮುಂದೆ ತಳ್ಳಿದರು.

ಬೆಳಗಿನ ಬಸ್ಸಿನಲ್ಲಿ ಕೊಳಗವನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಮುನಿಶಾಮಪ್ಪ ಅದನ್ನು ತೊಳೆದು, ಅರಿಶಿನ ಹಚ್ಚಿ, ರಾಶಿಯ ಮೇಲೆ ಮಗುಚಿ ಕೈ ಮುಗಿದ. ತೊಳೆದ ನೀರಿನಲ್ಲಿ ಗುರುಪಾದನ ಚೀಟಿ ಬಿಟ್ಟು ಹೋಯಿತು. ಹಿಡಿಯಲು ಕೈ ಚಾಚಿದೆ. ಗೆರೆಯೊಳಗಿದ್ದುದರಿಂದ ಬಾಯಿ ತೆರೆಯಲಿಲ್ಲ. ಎಣಿಸುವವನು ಮೊದಲ ಕೊಳಗಕ್ಕೆ ಒಂದು ಎನ್ನಲಿಲ್ಲ. "ಲಾಭಂ" ಎಂದ. ಮುಂದಿನದಕ್ಕೆ "ರೆಂಡು", ತೆಲುಗಿನ ಎರಡು. ಇಲ್ಲಿ ಮೊದಲ ಅಳತೆಯನ್ನು ಲಾಭವೆಂದೇ ಎಣಿಸುವುದು. ಗುರುಪಾದ ಕೈಕಟ್ಟಿ ನಿಂತಿದ್ದ ಮೂಲೆಯಲ್ಲಿ ನಾನೂ ನಿಂತೆ. ಅವನು ಸತ್ತ ಮೇಲೆ ಒಂದು ಕಡೆ ಅಷ್ಟು ಹೊತ್ತು ನಿಂತದ್ದು ಅದೇ ಮೊದಲು.

ಎಂಟು ದಿನಕ್ಕೆ ಮುನಿಶಾಮಪ್ಪ ಕೊಳಗವನ್ನು ತಾನೇ ಹೊತ್ತು ತಂದ, ಒಳಗೆ ಎರಡು ಹಿಡಿ ರಾಗಿ ಬಿಟ್ಟು. ಖಾಲಿ ಕಳಿಸಬಾರದಂತೆ.

ಈಗ ಗದಗಿನಿಂದ ಅವ್ವ ಬರೆಸುತ್ತಾಳೆ: ಬಾ, ಇಲ್ಲಿ ಮತ್ತೆ ಛಾಪಖಾನೆ ತೆರೆದಾರ. ಬರುತ್ತೇನೆ ಎಂದು ಬರೆಯುತ್ತೇನೆ, ಮುಂದಿನ ಕಣ ಮುಗಿಯಲಿ ಎಂದೂ ಸೇರಿಸುತ್ತೇನೆ. ಹಬ್ಬಕ್ಕೆಂದು ನಾಲ್ಕು ದಿನ ಊರಿಗೆ ಹೋದರೆ ಮುದ್ದೆಗೆ ಬಾಯಿ ಹಂಬಲಿಸುತ್ತದೆ, ಇಲ್ಲಿ ರೊಟ್ಟಿಗೆ. ಮಾತಿನಲ್ಲಿ ಎರಡೂ ಊರು ಬೆರೆತು, ಎರಡೂ ಕಡೆಯವರು ನಗುತ್ತಾರೆ.

ಅಮಲ್ದಾರರು ಕೊನೆಗೆ ಒಪ್ಪಿ, ಕರಾರನ್ನು ಪುಸ್ತಕದಲ್ಲಿ ಬರೆಯಲು ಹೇಳಿದರು: ಪ್ರತಿ ವರ್ಷ ಕಣದ ಕಾಲಕ್ಕೆ ಕೊಳಗವನ್ನು ಹೋಳೂರಿಗೆ ಕೊಡತಕ್ಕದ್ದು. ಕೊಟ್ಟವರ ಕಡೆ ಮುನಿಶಾಮಪ್ಪನ ಹೆಬ್ಬೆಟ್ಟು ಇದೆ. ಮಾತು ಕೊಟ್ಟು ತಂದವರ ಸಹಿಯ ಜಾಗಕ್ಕೆ ನನ್ನ ಹೆಸರು ಹಾಕಲು ಹೇಳಿದರು. ನಾನು ಹಾಕಲಿಲ್ಲ. ಅದು ಗುರುಪಾದನ ಸಹಿಯ ಜಾಗ. ಅಲ್ಲಿ ಏನೂ ಬರೆದಿಲ್ಲ.